ಆಟಿಸಂ ಇರುವ ಮಗುವಿಗೆ ಮಾತುಕತೆ ಕಲಿಸುವುದು ಹೇಗೆ?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಸೇರಿ ಚರ್ಚಿಸಲು)



ಕಕ್ಕೇರಾ ಮತ್ತು ಸುತ್ತಲಿನ ದೊಡ್ಡಿಗಳ ಸಂಘಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಕೆಲವು ತಾಯಂದಿರು ಹಿಂದೆ ಉಳಿದು ಒಂದು ಮಾತು ಕೇಳುತ್ತಾರೆ. “ಸಿಸ್ಟರ್, ನನ್ನ ಮಗ ಮಾತಾಡ್ತಾನರಿ, ಆದರ ನಮ್ಮ ಕೂಡ ಮಾತಾಡಂಗಿಲ್ಲ.” ಟಿ.ವಿ.ಯಲ್ಲಿ ಬರುವ ಸೋಪಿನ ಜಾಹೀರಾತನ್ನು ಒಂದಕ್ಷರ ಬಿಡದೆ ಹೇಳುತ್ತಾನೆ. ನಿನ್ನ ಹೆಸರೇನು ಅಂದರೆ ಮುಖ ತಿರುಗಿಸಿಕೊಂಡು ಹೋಗುತ್ತಾನೆ. ಮನೆಯ ಹಿರಿಯರು ಇದನ್ನು ಸೊಕ್ಕು ಅನ್ನುತ್ತಾರೆ, ನೆರೆಯವರು ಇನ್ನೇನೋ ಅನ್ನುತ್ತಾರೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಇರುವುದು ಆಟಿಸಂ. ಅದು ಇದೆಯೋ ಇಲ್ಲವೋ ಎಂದು ವೈದ್ಯರು ಹೇಳಬೇಕು. ಮಾತುಕತೆ ಕಲಿಸುವ ಕೆಲಸವನ್ನು ಮಾತ್ರ ನಾವು ಮನೆಯಲ್ಲೇ, ಇವತ್ತಿನಿಂದಲೇ ಶುರು ಮಾಡಬಹುದು.

ತಪ್ಪು ತಾಯಿಯದಲ್ಲ

ಆಟಿಸಂಗೆ ಪುಸ್ತಕದಲ್ಲಿ ಸ್ವಲೀನತೆ ಎಂದು ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಆಟಿಸಂ ಎಂದೇ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಮಗುವಿನ ಮೆದುಳು ಮೊದಲಿನಿಂದಲೇ ಬೇರೆ ರೀತಿಯಲ್ಲಿ ಬೆಳೆಯುವುದರಿಂದ ಬರುವ ಸ್ಥಿತಿ ಇದು. ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ, ಅಂಗನವಾಡಿಯಲ್ಲಿ ಹಾಕಿಸಿದ ಲಸಿಕೆಯಿಂದ ಬಂದದ್ದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ನಮ್ಮ ಊರಲ್ಲಿ ಇಲ್ಲ ಎನ್ನುವ ಹಾಗಿಲ್ಲ. ಗಂಡುಮಕ್ಕಳಲ್ಲಿ ಹೆಚ್ಚು ಕಾಣುತ್ತದೆ. ಹೆಣ್ಣುಮಕ್ಕಳಲ್ಲೂ ಇರುತ್ತದೆ, ಆದರೆ ಸುಮ್ಮನೆ ಕೂಡುವ ಹುಡುಗಿಯನ್ನು ನಾವು “ಬಾಳ ಶ್ಯಾಣ್ಯಾಕಿ” ಎಂದು ಬಿಟ್ಟುಬಿಡುತ್ತೇವೆ.

ಈ ಸ್ಥಿತಿಯನ್ನು ಅಮೆರಿಕದ ಡಾಕ್ಟರ್ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ನೋಡಿ ವಿವರವಾಗಿ ಬರೆದರು. ಆಮೇಲೆ ಬಹಳ ವರ್ಷ ದೊಡ್ಡ ದೊಡ್ಡ ಓದಿದವರೇ, ತಾಯಿ ಪ್ರೀತಿ ತೋರಿಸದ ಕಾರಣ ಮಕ್ಕಳು ಹೀಗಾಗುತ್ತಾರೆ ಎಂದು ಹೇಳುತ್ತಿದ್ದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಒಂದು ಪುಸ್ತಕ ಬರೆದು ಆ ಮಾತಿಗೆ ಆಧಾರವಿಲ್ಲ ಎಂದು ತೋರಿಸಿದ. ಅವನ ಮಗನಿಗೇ ಆಟಿಸಂ ಇತ್ತು. ಈ ಕತೆ ಇಲ್ಲಿ ಯಾಕೆ ಹೇಳಿದೆ ಎಂದರೆ, ಅಮೆರಿಕದಲ್ಲಿ ಬಿಟ್ಟುಹೋದ ಆ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ. “ನೀ ಹೊಲಕ್ಕ ಹೋಗಿ ಕೂಸಿನ ಕಡಿ ನೋಡಲಿಲ್ಲ, ಅದಕ್ಕ ಹಿಂಗಾತು” ಎಂದು ಸೊಸೆಗೆ ಅನ್ನುವವರು ಸಂಘದಲ್ಲಿ ಯಾರಾದರೂ ಇದ್ದರೆ ಇವತ್ತಿಗೆ ಆ ಮಾತು ಬಿಡಬೇಕು.

ಇನ್ನೊಂದು. ಹೆಸರು ಕರೆದರೆ ತಿರುಗದ, ಬೆರಳು ಮಾಡಿ ಏನನ್ನೂ ತೋರಿಸದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದಿದ್ದರೂ ಮಾತು ಬರುವುದಿಲ್ಲ. ಆ ದಾರಿ ಬೇರೆ, ಅದರ ಚಿಕಿತ್ಸೆ ಬೇರೆ.

ಗಿಳಿಮಾತಿಗೂ ಅರ್ಥ ಇರುತ್ತದೆ

ಆಟಿಸಂ ಇರುವ ಎಷ್ಟೋ ಮಕ್ಕಳು ನಾವು ಹೇಳಿದ್ದನ್ನೇ ತಿರುಗಿ ಹೇಳುತ್ತಾರೆ. “ನೀರು ಬೇಕೇನು?” ಎಂದರೆ “ನೀರು ಬೇಕೇನು?” ಎನ್ನುತ್ತಾರೆ. ಕೆಲವರು ಈಗ ಕೇಳಿದ್ದನ್ನು ಹೇಳುತ್ತಾರೆ, ಕೆಲವರು ಹೋದ ವರ್ಷ ಕೇಳಿದ್ದನ್ನು ಹೇಳುತ್ತಾರೆ. ಮೊದಲು ಇದನ್ನು ಕೆಟ್ಟ ಚಟ ಎಂದು ತಿಳಿದು ಬಿಡಿಸಲು ನೋಡುತ್ತಿದ್ದರು. 1980ರ ದಶಕದಿಂದ ಈಚೆಗೆ ಈ ವಿಷಯ ಓದಿದವರು ಬೇರೆ ಹೇಳುತ್ತಾರೆ: ಮಗು ಬಹಳ ಸಲ ಏನೋ ತಿಳಿಸಲಿಕ್ಕೇ ಆ ಮಾತು ಬಳಸುತ್ತದೆ, ಸ್ವಂತ ಮಾತು ಕಟ್ಟಲು ಬಾರದೆ ಇಡೀ ಮಾತನ್ನು ಎತ್ತಿಕೊಂಡು ಬರುತ್ತದೆ.

ಒಂದು ಮನೆಯ ವಿಷಯ ಹೇಳುತ್ತೇನೆ, ಹೆಸರು ಬೇಡ. ಆರು ವರ್ಷದ ಹುಡುಗ ಎರಡು ರಾತ್ರಿ “ಬಿದ್ದೇನೋ, ಬಿದ್ದೇನೋ” ಎಂದು ಒಂದೇ ಸಮನೆ ಕೂಗಿದ. ಎಲ್ಲೂ ಬಿದ್ದಿರಲಿಲ್ಲ, ಮೈಮೇಲೆ ಗಾಯ ಇರಲಿಲ್ಲ. ಮೊದಲ ರಾತ್ರಿ ಅಪ್ಪ ಬೈದ, ಎರಡನೇ ರಾತ್ರಿ ಹೊಡೆದ. ಮೂರನೇ ದಿನ ಕಿವಿಯಿಂದ ಕೀವು ಸುರಿಯಿತು. ಆಗ ತಾಯಿಗೆ ಹೊಳೆಯಿತು. ಅವನು ಮೂರು ವರ್ಷದವನಿದ್ದಾಗ ಕಟ್ಟೆಯಿಂದ ಬಿದ್ದು ತಲೆ ಒಡೆದುಕೊಂಡಿದ್ದ. ಎತ್ತಿಕೊಂಡು ಓಡಿ ಬಂದ ತಾಯಿ ಆಗ “ಬಿದ್ದೇನೋ, ಬಿದ್ದೇನೋ” ಅಂದಿದ್ದಳು. ಆ ಹುಡುಗನಿಗೆ ನೋವು ಎನ್ನುವುದಕ್ಕೆ ಇದ್ದ ಮಾತು ಅದೊಂದೇ. ಎರಡು ರಾತ್ರಿ ಅವನು ಸರಿಯಾಗಿಯೇ ಹೇಳಿದ್ದ, ಮನೆಯವರಿಗೆ ತಿಳಿಯಲಿಲ್ಲ.

ಆಮೇಲೆ ಆ ತಾಯಿ ಏನು ಮಾಡಿದಳು ಎನ್ನುವುದು ನಮಗೆ ಪಾಠ. “ಬಿದ್ದೇನೋ” ಅಂದ ಕೂಡಲೇ ಬೈಯದೆ, ಅವನ ಕೈ ಹಿಡಿದು ಕಿವಿಗೆ ಮುಟ್ಟಿಸಿ “ಕಿವಿ ನೋಯ್ತದ” ಎಂದು ಅವನ ಪರವಾಗಿ ಹೇಳಿದಳು. ಹೊಟ್ಟೆ ನೋವು ಬಂದಾಗ ಹೊಟ್ಟೆಗೆ ಮುಟ್ಟಿಸಿ “ಹೊಟ್ಟಿ ನೋಯ್ತದ” ಅಂದಳು. ಮುಳ್ಳು ಚುಚ್ಚಿದಾಗ ಕಾಲು. ನಾಲ್ಕೈದು ತಿಂಗಳು ಹಿಡಿಯಿತು. ಈಗ ಅವನು ಎಲ್ಲಿ ಎಂದು ಕೈಯಿಟ್ಟು ತೋರಿಸಿ “ನೋಯ್ತದ” ಎನ್ನುತ್ತಾನೆ.

ಕಲಿಸುವುದರ ಗುಟ್ಟು ಇಲ್ಲೇ ಇದೆ: ನಮ್ಮ ಮಾತನ್ನು ಹೇಳಬಾರದು, ಮಗು ಹೇಳಬೇಕಾದ ಮಾತನ್ನು ಹೇಳಬೇಕು. ಮಗು ಕೊಡದ ಕಡೆ ಎಳೆಯುತ್ತಾ “ನೀರು ಬೇಕೇನು” ಅಂದರೆ, ಅದು ನಮ್ಮ ಪ್ರಶ್ನೆಯನ್ನೇ ತನ್ನ ಉತ್ತರವಾಗಿ ಕಲಿತಿದೆ. ನೀವು “ನಂಗ ನೀರು ಬೇಕು” ಎಂದು ಒಂದು ಸಲ ಹೇಳಿ, ಅದು ಹೇಳಲಿ ಬಿಡಲಿ, ನೀರು ಕೊಡಿ. ದಿನಕ್ಕೆ ಹತ್ತು ಸಲ ನೀರು ಕುಡಿಯುವ ಮಗುವಿಗೆ ಹತ್ತು ಪಾಠ ಆಯಿತು.

ಕನ್ನಡದಲ್ಲಿ ಇನ್ನೊಂದು ತೊಡಕು ಇದೆ. “ಉಂಡಿ?” ಎಂದು ಕೇಳಿದರೆ “ಉಂಡೆ” ಎನ್ನಬೇಕು. ಒಂದು ಕೊನೆಯ ಅಕ್ಷರದಲ್ಲಿ ನೀನು ಎನ್ನುವುದು ನಾನು ಆಗುತ್ತದೆ. ಬೇರೆ ಮಕ್ಕಳು ಕೇಳಿ ಕೇಳಿ ತಾವೇ ಕಲಿಯುತ್ತಾರೆ, ಈ ಮಕ್ಕಳಿಗೆ ಅದು ಕಷ್ಟ. ಮೇಲೆ ನಮ್ಮ ಕಡೆ ಪ್ರೀತಿ ಬಂದರೆ ಮಗನಿಗೇ “ಯಪ್ಪಾ” ಎನ್ನುತ್ತೇವೆ, ಮಗಳಿಗೆ “ಯವ್ವಾ” ಎನ್ನುತ್ತೇವೆ! ಅವ್ವ ಯಾರು, ಅಪ್ಪ ಯಾರು ಎಂದು ಮಗುವಿಗೆ ಗೊಂದಲ ಆದರೆ ಆಶ್ಚರ್ಯವೇನು? ಪ್ರೀತಿಯ ಮಾತು ಬಿಡಿ ಎಂದು ನಾನು ಹೇಳುವುದಿಲ್ಲ. ಕಲಿಸುವ ಹೊತ್ತಿನಲ್ಲಿ ಮಾತ್ರ ಮಗುವಿಗೆ ಅದರ ಹೆಸರನ್ನೇ ಹಿಡಿದು ಕರೆಯಿರಿ. ಮನೆಯವರೆಲ್ಲ ಒಂದೇ ಹೆಸರಿನಿಂದ ಕರೆಯಿರಿ. ಒಬ್ಬರು ಪುಟ್ಯಾ, ಒಬ್ಬರು ಚಿನ್ನು, ಒಬ್ಬರು ಶಾಲೆಯ ಹೆಸರು ಎಂದಾದರೆ ಅದು ಯಾವುದಕ್ಕೆ ತಿರುಗಬೇಕು?

ಮೊದಲು ಬೇಡಲು ಕಲಿಸಿ

ತಾಯಂದಿರು ಮೊದಲು ಕಲಿಸುವುದು ಬಣ್ಣ, ಅಂಕಿ, ಎ ಬಿ ಸಿ ಡಿ. ಬಂದವರ ಮುಂದೆ ಹೇಳಿಸಲು ಚೆನ್ನಾಗಿರುತ್ತದೆ, ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ. ಮಾತಾಡಿದರೆ ಏನಾದರೂ ಸಿಗುತ್ತದೆ ಎಂದು ತಿಳಿದಾಗಲೇ ಯಾರಿಗಾದರೂ ಮಾತಾಡಬೇಕು ಅನ್ನಿಸುವುದು.

ನಾವು ಒಳ್ಳೆಯ ತಾಯಂದಿರಾಗಲು ಹೋಗಿ ಮಗು ಕೇಳುವ ಮೊದಲೇ ಎಲ್ಲ ಕೊಟ್ಟುಬಿಡುತ್ತೇವೆ. ಸ್ವಲ್ಪ ತಡೆಯಿರಿ. ಮಗುವಿಗೆ ಮಂಡಾಳು ಇಷ್ಟ ಎಂದರೆ ಕಾಣುವ ಡಬ್ಬಿಯಲ್ಲಿ ಹಾಕಿ, ಕೈಗೆ ಸಿಗದ ಗೂಡಿನಲ್ಲಿ ಇಡಿ. ಮಗು ಬಂದು ನಿಮ್ಮ ಕೈ ಎಳೆಯುತ್ತದೆ. ಡಬ್ಬಿ ಹಿಡಿದು ಅದರ ಮುಖದ ಮಟ್ಟಕ್ಕೆ ಕುಳಿತು ಸುಮ್ಮನೆ ಕಾಯಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಈ ಹತ್ತು ಎಣಿಸುವುದೇ ಎಲ್ಲಕ್ಕಿಂತ ಕಷ್ಟ, ಮಾಡಿ ನೋಡಿದರೆ ಗೊತ್ತಾಗುತ್ತದೆ. ಮೂರಕ್ಕೇ ನಮ್ಮ ಬಾಯಿ ತೆರೆಯುತ್ತದೆ. ಮಗು “ಮಂ” ಅಂದರೂ ಸಾಕು, ಕೈಚಾಚಿ ನಿಮ್ಮನ್ನು ನೋಡಿದರೂ ಸಾಕು, ತಕ್ಷಣ “ಮಂಡಾಳು!” ಎಂದು ಹೇಳಿ ಒಂದು ಹಿಡಿ ಕೊಡಿ. ಒಂದೇ ಹಿಡಿ, ಬೋಗುಣಿ ತುಂಬ ಅಲ್ಲ. ಮತ್ತೆ ಕೇಳಲು ಕಾರಣ ಇರಬೇಕು. ಆದರೆ ಅಳಿಸಿ, ಹಸಿವಿನಿಂದ ಕಾಡಿಸಿ ಕಲಿಸಬಾರದು. ಊಟವನ್ನು ತಡೆಯಲೇಬಾರದು, ಆಟದ ತಿನಿಸು ಮಾತ್ರ.

ಕೆಲವು ಮಕ್ಕಳಿಗೆ ಬಾಯಿಮಾತು ಬರಲು ಬಹಳ ತಡವಾಗುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಅವರಿಗೂ ಮಾತುಕತೆ ಉಂಟು. 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಎಂಬಿಬ್ಬರು ಚಿತ್ರ ಕೊಟ್ಟು ಸಾಮಾನು ಕೇಳುವ ಪದ್ಧತಿ ಶುರು ಮಾಡಿದರು. ಮಗು ಬಿಸ್ಕತ್ತಿನ ಚಿತ್ರ ತಂದು ಕೈಗೆ ಕೊಟ್ಟರೆ ಬಿಸ್ಕತ್ತು ಕೊಡಬೇಕು, ಅಷ್ಟೇ. ಚಿತ್ರ ಕೊಟ್ಟರೆ ಮಗು ಮಾತು ಬಿಟ್ಟುಬಿಡುತ್ತದೆ ಎಂಬ ಹೆದರಿಕೆ ಬೇಡ, ಹಾಗೆ ಆಗುವುದಿಲ್ಲ. ಬಿಸ್ಕತ್ತಿನ ಹಾಳೆ, ಚಾಪುಡಿಯ ಪಾಕೀಟು, ಸೋಪಿನ ಹಾಳೆ ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಚಿತ್ರ ಆಯಿತು. ಬೆಂಗಳೂರು, ಪುಣೆಯ ಕಡೆ ದುಡಿಯಲು ಗುಳೇ ಹೋಗುವವರು ಈ ರಟ್ಟುಗಳನ್ನು ಚೀಲದಲ್ಲಿ ಇಟ್ಟುಕೊಳ್ಳಲು ಮರೆಯಬಾರದು. ಹೊಸ ಜಾಗದಲ್ಲಿ ಮಗುವಿಗೆ ಹಳೆಯದಾಗಿ ಉಳಿಯುವುದು ಅಷ್ಟೇ.

ಹಿಂದೆ ಕೂತು ಉತ್ತರ ಹೇಳುವವರು

ಬೇಡಲು ಬಂದ ಮೇಲೆ ಪ್ರಶ್ನೆ-ಉತ್ತರ. ಮೊದಲು ಅರ್ಧ ಮಾತು ಬಿಟ್ಟು ಆಡಿ. ಮಗುವಿಗೆ ಗೊತ್ತಿರುವ ಹಾಡನ್ನು ಹಾಡುತ್ತಾ ಕೊನೆಯ ಪದಕ್ಕೆ ನಿಲ್ಲಿಸಿ, ಅದು ತುಂಬಲಿ. “ಒಂದು, ಎರಡು...” ಎಂದು ನಿಲ್ಲಿಸಿ. “ಬೆಕ್ಕು ಹೆಂಗ ಒದರ್ತದ?” ಎಂದು ನಿಲ್ಲಿಸಿ. ನೀವು ಅರ್ಧ, ಮಗು ಅರ್ಧ. ಮಾತುಕತೆ ಎಂದರೆ ಸರದಿ ಎಂದು ಅದಕ್ಕೆ ತಿಳಿಯುವುದು ಹೀಗೆ. ಚೆಂಡು ಉರುಳಿಸಿ ವಾಪಸ್ ಉರುಳಿಸುವ ಆಟವೂ ಇದೇ ಪಾಠ.

ಆಮೇಲೆ “ನಿನ್ನ ಹೆಸರೇನು?” ಇದನ್ನು ಒಬ್ಬರೇ ಕಲಿಸಲು ಹೋದರೆ ಮಗು “ಹೆಸರೇನು” ಎಂದೇ ತಿರುಗಿ ಹೇಳುತ್ತದೆ, ಯಾಕೆಂದರೆ ಪ್ರಶ್ನೆ ಕೇಳುವವರೂ ಉತ್ತರ ಹೇಳಿಕೊಡುವವರೂ ಒಬ್ಬರೇ. ಇದಕ್ಕೆ ಇಬ್ಬರು ಬೇಕು. ಒಬ್ಬರು ಮುಂದೆ ಕುಳಿತು ಕೇಳಬೇಕು. ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ ಕುಳಿತು, ಮಗುವೇ ಹೇಳಿದ ಹಾಗೆ, ಸಣ್ಣ ದನಿಯಲ್ಲಿ ಉತ್ತರ ಹೇಳಬೇಕು. ಮಗು ಹಿಂದಿನ ದನಿಯನ್ನು ತಿರುಗಿ ಹೇಳುತ್ತದೆ, ಮುಂದಿನವರು “ಹೌದು!” ಎಂದು ಖುಷಿಪಡುತ್ತಾರೆ. ಗಿಳಿಮಾತು ಇಲ್ಲಿ ಕೆಲಸಕ್ಕೆ ಬಂತು. ದಿನ ಕಳೆದಂತೆ ಹಿಂದಿನ ದನಿ ಸಣ್ಣದಾಗಬೇಕು, ಬರೀ ಮೊದಲ ಅಕ್ಷರ ಆಗಬೇಕು, ಕೊನೆಗೆ ಇಲ್ಲವಾಗಬೇಕು. ಬೇಗ ಬಿಟ್ಟರೆ ಮಗು ತಪ್ಪುತ್ತದೆ, ಬಹಳ ದಿನ ಉಳಿಸಿದರೆ ಅದನ್ನೇ ಕಾಯುತ್ತದೆ.

ಈ ಹಿಂದಿನವರು ಯಾರು? ಅಕ್ಕ ಆಗಬಹುದು, ಅಜ್ಜಿ ಆಗಬಹುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸಂಘದ ಇನ್ನೊಬ್ಬ ಸದಸ್ಯೆ. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ. ಈ ಲೇಖನ ತಾಯಂದಿರಿಗಷ್ಟೇ ಅಲ್ಲದೆ ಸಂಘಕ್ಕೆ ಬರೆದದ್ದು ಅದಕ್ಕೇ.

“ನಾವು ಓದಿಲ್ಲ, ಇದೆಲ್ಲ ನಮ್ಮ ಕೈಲಾಗ್ತದೇನ್ರಿ?” ಎಂದು ಕೇಳುವವರಿಗೆ ಗೋವಾದ ವಿಷಯ ಹೇಳಬೇಕು. ಅಲ್ಲಿನ ಸಂಗತ್ ಎಂಬ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಸೇರಿ ಆಟಿಸಂ ಇರುವ 65 ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದವು. ಸುಮಾರು ಅರ್ಧ ಮಕ್ಕಳ ಮನೆಗಳಿಗೆ ತಜ್ಞರಲ್ಲದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಹೋದರು. ಮಗು ಏನು ನೋಡುತ್ತದೋ ಅದರ ಬಗ್ಗೆ ಮಾತಾಡುವುದು, ಕಾಯುವುದು, ಉತ್ತರಿಸುವುದು, ಇದನ್ನು ತಂದೆತಾಯಿಗೆ ಕಲಿಸಿದರು. ಆ ಮನೆಗಳಲ್ಲಿ ತಂದೆತಾಯಿ ಮಗುವಿಗೆ ಹೊಂದಿಕೊಂಡು ಮಾತಾಡುವುದು ಹೆಚ್ಚಾಯಿತು, ಮಕ್ಕಳು ತಾವಾಗಿ ಏನಾದರೂ ತಿಳಿಸಲು ಮುಂದಾಗುವುದೂ ಹೆಚ್ಚಾಯಿತು. ಆಟಿಸಂ ಹೋಗಲಿಲ್ಲ, ಅದು ಹೋಗುವಂಥದ್ದಲ್ಲ.

ಪ್ರಶ್ನೆ ಕೇಳುವುದೇ ಮಾತಾಡಿಸುವುದು ಎಂದು ತಿಳಿಯಬೇಡಿ. ಇದೇನು, ಅದೇನು, ಇದು ಯಾವ ಬಣ್ಣ ಎಂದು ಪೊಲೀಸರ ವಿಚಾರಣೆಯಂತೆ ಕೇಳಿದರೆ ಯಾರು ಮಾತಾಡುತ್ತಾರೆ? ರೊಟ್ಟಿ ಬಡಿಯುವಾಗ “ರೊಟ್ಟಿ ಸುಡ್ತದ, ಬಿಸಿ ಅದ” ಎಂದು ಸುಮ್ಮನೆ ಹೇಳುತ್ತಿರಿ. ಮೂರು ಮಾತು ಹೇಳಿದ ಮೇಲೆ ಒಂದು ಪ್ರಶ್ನೆ ಸಾಕು. ಸಣ್ಣ ಮಾತು ಇರಲಿ, ಟಿ.ವಿ. ಬಂದ್ ಇರಲಿ.

ಬಸ್ಸಿನ ಹುಚ್ಚು ಇದ್ದರೆ ಬಸ್ಸಿನಿಂದಲೇ

ಈ ಮಕ್ಕಳಿಗೆ ಯಾವುದಾದರೂ ಒಂದರ ಮೇಲೆ ವಿಪರೀತ ಆಸೆ ಇರುತ್ತದೆ. ಫ್ಯಾನು, ಗಾಲಿ, ಟ್ರ್ಯಾಕ್ಟರು. ಬಸ್ಸಿನ ಬೋರ್ಡುಗಳನ್ನು ಬಾಯಿಪಾಠ ಹೇಳುವ ಹುಡುಗರು ನಮ್ಮಲ್ಲೇ ಇದ್ದಾರೆ: ಸುರಪುರ, ಹುಣಸಗಿ, ನಾರಾಯಣಪುರ. “ಆ ಬಸ್ಸಿನ ಮಾತು ಬಿಡು” ಎಂದು ಗದರಿಸಿದರೆ ಇರುವ ಒಂದು ಬಾಗಿಲನ್ನೂ ನಾವೇ ಮುಚ್ಚಿದಂತೆ. ಮನೆಯಲ್ಲಿ ನಾಲ್ಕು ಮಣೆ ಸಾಲಾಗಿ ಇಟ್ಟು ಬಸ್ ಮಾಡಿ. ಹುಡುಗ ಕಂಡಕ್ಟರ್. “ಎಲ್ಲಿಗಿ?” “ಸುರಪುರಕ್ಕ.” “ಎಷ್ಟು ಮಂದಿ?” “ಎರಡು.” “ರೊಕ್ಕ ಕೊಡ್ರಿ.” ನೋಡಿ, ಐದು ಮಾತಿನ ಮಾತುಕತೆ ಆಯಿತು! ಹತ್ತು ದಿನ ಆದಮೇಲೆ ಒಂದು ಮಾತು ಬದಲಿಸಿ: “ಸೀಟ್ ಅದಾವೇನ್ರಿ?” ಹೊಸ ಪ್ರಶ್ನೆಗೆ ಅವನು ನಿಲ್ಲುತ್ತಾನೆ, ಯೋಚಿಸುತ್ತಾನೆ. ಆಮೇಲೆ ನಿಜವಾದ ಬಸ್ಸಿನಲ್ಲಿ ಅವನೇ ಟಿಕೆಟ್ ಕೇಳಲಿ. ಅಂಗಡಿಗೂ ಹೀಗೇ ಕರೆದುಕೊಂಡು ಹೋಗಿ. ಮನೆಯಲ್ಲಿ ಕಲಿತದ್ದು ಹೊರಗೆ ತಾನಾಗಿ ಬರುವುದಿಲ್ಲ, ಹೊರಗೂ ಕಲಿಸಬೇಕು.

ಹೆಸರು, ಅವ್ವನ ಹೆಸರು, ಊರು

ಇದನ್ನು ಮುಂದಕ್ಕೆ ಹಾಕಬೇಡಿ. ಈ ಮಕ್ಕಳಲ್ಲಿ ಹಲವರು ಯಾರಿಗೂ ಹೇಳದೆ ನಡೆದು ಹೋಗಿಬಿಡುತ್ತಾರೆ, ನೀರು ಕಂಡರೆ ಬಹಳ ಇಷ್ಟಪಡುತ್ತಾರೆ, ಅಪಾಯ ತಿಳಿಯುವುದಿಲ್ಲ. ನಮ್ಮ ತಾಲ್ಲೂಕಿನಲ್ಲಿ ನಾರಾಯಣಪುರ ಎಡದಂಡೆ ಕಾಲುವೆ ಹರಿಯುತ್ತದೆ. ನಾಟಿಯ ದಿನಗಳಲ್ಲಿ ಮನೆಯವರೆಲ್ಲ ಗದ್ದೆಯಲ್ಲಿರುತ್ತಾರೆ. ಕರೆದರೆ “ಓ” ಎನ್ನದ ಮಗು ಕಾಲುವೆ ಏರಿಯ ಮೇಲೆ ಹೋದರೆ ಏನು ಗತಿ ಎಂದು ನೀವೇ ಯೋಚಿಸಿ. ಆದ್ದರಿಂದ “ನಿಲ್ಲು” ಎಂದರೆ ನಿಲ್ಲುವುದು, ಹೆಸರು ಕರೆದರೆ “ಓ” ಎನ್ನುವುದು, ತನ್ನ ಹೆಸರು, ಅವ್ವ-ಅಪ್ಪನ ಹೆಸರು, ಊರು ಅಥವಾ ದೊಡ್ಡಿಯ ಹೆಸರು ಹೇಳುವುದು, ಇವನ್ನು ಮೇಲೆ ಹೇಳಿದ ಹಾಗೆ ಇಬ್ಬರು ಕೂತು ದಿನಾ ಕಲಿಸಿ. ಬೇರೆ ಬೇರೆ ಜನ ಕೇಳಬೇಕು. ಅವ್ವನಿಗೆ ಮಾತ್ರ ಉತ್ತರ ಕೊಡುವ ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡಾಗ ಪೊಲೀಸರಿಗೆ ಉತ್ತರ ಕೊಡುವುದಿಲ್ಲ. ಮಾತು ಬಾರದ ಮಗುವನ್ನು ಸೋಮನಾಥನ ಜಾತ್ರೆಗೋ ಸಂತೆಗೋ ಕರೆದೊಯ್ಯುವಾಗ ಅಂಗಿಯ ಒಳಗಡೆ ಫೋನ್ ನಂಬರ್ ಬರೆದು ಕಳಿಸಿ.

ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು

ಮಗುವಿಗೆ ಎರಡು ವರ್ಷವಾದರೂ ಹೆಸರಿಗೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ ಕಾಯಬೇಡಿ. “ಅವರಪ್ಪನೂ ತಡಾ ಮಾಡಿ ಮಾತಾಡಿದ” ಎಂಬ ಮಾತು ಕೇಳಿ ಎಷ್ಟೋ ಮಕ್ಕಳ ಒಳ್ಳೆಯ ವರ್ಷಗಳು ಹೋಗಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದಾಗ ತೋರಿಸಿ, ಅವರು ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಮಾತು ಮತ್ತು ಕಿವಿಯ ತೊಂದರೆಗೆ ಕೇಂದ್ರ ಸರ್ಕಾರದ ಸಂಸ್ಥೆ ಅದು. ನಮಗೆ ಬಹಳ ದೂರ, ಆದರೆ ಒಂದು ಸಲ ಹೋಗಿ ಸರಿಯಾಗಿ ತೋರಿಸಿ ಮನೆಯಲ್ಲಿ ಏನು ಮಾಡಬೇಕೆಂದು ಕೇಳಿಕೊಂಡು ಬಂದರೂ ಲಾಭವೇ.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದೂ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಲು ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯಲ್ಲಿ, ಕಕ್ಕೇರಾದವರು ಪುರಸಭೆಯಲ್ಲಿ ವಿಚಾರಿಸಿ. 1999ರ ಕಾಯ್ದೆಯಿಂದ ಬಂದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯದ ಖರ್ಚು ಸಿಗುತ್ತದೆ. ಶಾಲೆಗೆ ಸೇರಿಸುವಾಗ “ಇವನನ್ನ ಇಟ್ಟುಕೊಳ್ಳಕ್ಕಾಗಲ್ಲ” ಎಂದರೆ ಒಬ್ಬರೇ ವಾಪಸ್ ಬರಬೇಡಿ, ಸಂಘದ ನಾಲ್ಕು ಜನ ಜೊತೆಗೆ ಹೋಗಿ.

ಇನ್ನು ಸಾಲದ ಮಾತು. ಒಂದು ಚುಚ್ಚುಮದ್ದಿನಿಂದ, ಮೂರು ತಿಂಗಳ ಪುಡಿಯಿಂದ ಆಟಿಸಂ ಗ್ಯಾರಂಟಿ ಹೋಗುತ್ತದೆ ಎನ್ನುವವರಿದ್ದಾರೆ. ಕಾಂಡಕೋಶ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳುತ್ತಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಇಂಥದ್ದಕ್ಕೆ ಸಂಘದಿಂದ ಸಾಲ ಕೇಳಿದರೆ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಆಸ್ಪತ್ರೆಗೆ ಹೋಗಿ ಬರುವ ಬಸ್ ಖರ್ಚಿಗೆ, ಕಿವಿ ಪರೀಕ್ಷೆಗೆ ಕೇಳಿದರೆ ಮೊದಲ ಸರದಿ ಅವಳಿಗೆ ಕೊಡಿ.

ಸಭೆಯಲ್ಲಿ ಮಾತಾಡಲು

ನಮ್ಮ ಸಂಘದ ಮನೆಗಳಲ್ಲಿ ಇಂಥ ಮಗು ಇದೆಯೇ? ಅದು ಯಾವ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ? ಆ ಮಾತನ್ನು ಅದು ಮೊದಲು ಎಲ್ಲಿ, ಯಾವಾಗ ಕೇಳಿರಬಹುದು? ಹಿಂದೆ ಕೂತು ಉತ್ತರ ಹೇಳಲು ವಾರಕ್ಕೆ ಎರಡು ದಿನ ಯಾರು ಬರಬಲ್ಲಿರಿ? ಸಭೆಗೆ ಆ ಮಗುವನ್ನೂ ಕರೆದುಕೊಂಡು ಬರಲು ಹೇಳಿ. ಪಾಸ್ ಬುಕ್ ಹಂಚುವ ಕೆಲಸ ಅದಕ್ಕೇ ಕೊಡಿ. ಪ್ರತಿಯೊಬ್ಬ ಸದಸ್ಯೆಯೂ ಹೆಸರು ಹಿಡಿದು “ನನ್ನ ಬುಕ್ ಕೊಡು” ಎಂದು ಕೇಳಿ ಕಾಯಲಿ.

ಮುಂದಿನ ಸಭೆಗೆ ಬರುವಾಗ ಎಲ್ಲರೂ ಮನೆಯಲ್ಲಿರುವ ಖಾಲಿ ಬಿಸ್ಕತ್ತಿನ ಹಾಳೆ, ಚಾಪುಡಿ ಪಾಕೀಟು, ಹಳೆಯ ಲಗ್ನಪತ್ರಿಕೆಯ ರಟ್ಟು ತನ್ನಿ. ಕತ್ತರಿ ಮತ್ತು ಅಂಟು ನಾನು ತರುತ್ತೇನೆ.